ಕಣ್ಣಾಸ್ಪತ್ರೆಯನ್ನೇ ಹಳ್ಳಿಗೆ ತಂದ ಡಾ. ಎಂ.ಸಿ. ಮೋದಿ

ಮೋದಿ ಡಾಕ್ಟರರ ಕಣ್ಣಿನ ಶಿಬಿರದ ಬಗ್ಗೆ ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆ ಹೆಸರು ಕೇಳದ ಹಿರಿಯರು ವಿರಳ.

ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ವೈದ್ಯರಾದ ಮೇಲೆ ಪಟ್ಟಣದಲ್ಲಿ ದವಾಖಾನೆ ತೆರೆದು ಹಣ ಗಳಿಸುವ ದಾರಿ ಅವರ ಮುಂದಿತ್ತು. ಆದರೆ ಕಣ್ಣು ಕಾಣದ ಬಡವ ಪಟ್ಟಣದ ಆಸ್ಪತ್ರೆಗೆ ಬರುವುದಾದರೂ ಹೇಗೆ? ಬಸ್ಸಿನ ಖರ್ಚು ಬೇಕು, ಕೈಹಿಡಿದು ಕರೆತರುವವರು ಬೇಕು, ಅವರ ಅಂದಿನ ಕೂಲಿಯೂ ಹೋಗುತ್ತದೆ. ಇದನ್ನರಿತ ಮೋದಿಯವರು ಆಸ್ಪತ್ರೆಯನ್ನೇ ವಾಹನದಲ್ಲಿ ಹೇರಿಕೊಂಡು ಊರೂರು ತಿರುಗಿದರು. ಸಾಲಾಗಿ ಮಲಗಿಸಿದ ರೋಗಿಗಳ ಮೋತಿಬಿಂದುವನ್ನು ಒಬ್ಬರಾದ ಮೇಲೊಬ್ಬರಂತೆ ತೆಗೆಯುತ್ತಿದ್ದರು. ಬಡವರಿಂದ ಹಣ ಪಡೆಯುತ್ತಿರಲಿಲ್ಲ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ದಾಖಲೆಯಾಯಿತು. ಅವರು ಜೀವಮಾನದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಗಳು ಐದು ಲಕ್ಷಕ್ಕೂ ಮಿಕ್ಕಿದವು. ಗಿನ್ನೆಸ್ ಪುಸ್ತಕವೂ ಅವರ ಹೆಸರನ್ನು ದಾಖಲಿಸಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಗೌರವ ದೊರೆತವು. 2005ರಲ್ಲಿ ಅವರು ನಿಧನರಾದರು.

ಇಂದು ಕಾಲ ಬದಲಾಗಿದೆ. ಸೋಂಕಿನ ಭಯದಿಂದ ಶಿಬಿರಗಳಲ್ಲಿ ತಪಾಸಣೆ ಮಾತ್ರ ನಡೆಸಿ, ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ಮಾಡುತ್ತಾರೆ. ಅಂದು ಪೊರೆ ತೆಗೆಸಿಕೊಂಡವರು ದಪ್ಪ ಕನ್ನಡಕ ಹಾಕಬೇಕಿತ್ತು. ಈಗ ಕಣ್ಣೊಳಗೇ ಮಸೂರ ಕೂರಿಸುತ್ತಾರೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಬಡವರಿಗೆ ಈ ಚಿಕಿತ್ಸೆ ಉಚಿತ. ಒಂದು ಕಾಲಕ್ಕೆ ಎಷ್ಟೋ ಜನರ ದೃಷ್ಟಿ ಕಸಿದ ಟ್ರಕೋಮಾ ರೋಗವು ಭಾರತದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಘೋಷಿಸಿತು.

ಆದರೂ ಶಲವಡಿಯಂಥ ಊರುಗಳ ಓಣಿಗಳಲ್ಲಿ, ವಯಸ್ಸಾಯಿತು, ಇನ್ನೇನು ನೋಡುವುದಿದೆ ಎಂದು ಮೂಲೆಯಲ್ಲಿ ಕುಳಿತುಬಿಡುವ ಅಜ್ಜ ಅಜ್ಜಿಯರಿರುತ್ತಾರೆ. ಪೊರೆಯಿಂದ ಹೋದ ದೃಷ್ಟಿ ಸಾಮಾನ್ಯವಾಗಿ ಮರಳಿ ಬರುತ್ತದೆ. ಗ್ಲಾಕೋಮಾದಿಂದ ಹೋದದ್ದು ಬಾರದು. ಅದನ್ನು ಮೊದಲೇ ಪತ್ತೆ ಹಚ್ಚಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಸಣ್ಣ ಮಕ್ಕಳಿಗೆ ‘ಎ’ ಜೀವಸತ್ವದ ಹನಿ, ಹಸಿರು ಸೊಪ್ಪು, ಗಜ್ಜರಿ, ಪಪ್ಪಾಯಿ ಕೊಡಬೇಕು. ಹಲಗೆಯ ಮೇಲಿನ ಅಕ್ಷರ ಕಾಣದ ಹುಡುಗನನ್ನು ದಡ್ಡನೆಂದು ಬೈಯುವ ಮೊದಲು ಅವನ ಕಣ್ಣು ಪರೀಕ್ಷಿಸಿ.

ಮೋದಿಯವರಂತೆ ನಾವೆಲ್ಲ ಶಸ್ತ್ರವೈದ್ಯರಾಗಲಾರೆವು. ಆದರೆ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಲು ಯಾವ ಪದವಿಯೂ ಬೇಕಿಲ್ಲ. ಈ ರಜೆಯಲ್ಲಿ ನಿಮ್ಮ ಓಣಿಯ ಒಬ್ಬ ಹಿರಿಯರನ್ನಾದರೂ ಕಣ್ಣಿನ ತಪಾಸಣೆಗೆ ಕರೆದೊಯ್ಯಿರಿ. ಜಾತಿ, ಮತ ಕೇಳದೆ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟ ಆ ಮಹನೀಯರಿಗೆ ಅದೇ ನಿಜವಾದ ಗೌರವ.