ಮಹಾಕವಿ ರತ್ನಾಕರವರ್ಣಿ

ತುಳುನಾಡಿನ ಮೂಡುಬಿದಿರೆಯು 16ನೆಯ ಶತಮಾನದಲ್ಲಿ ಕನ್ನಡಕ್ಕಿತ್ತ ಕವಿರತ್ನವೇ ರತ್ನಾಕರವರ್ಣಿ. ಜೈನಕುಲದಲ್ಲಿ ಜನಿಸಿದ ಈತನು ಸ್ವಮತದವರ ಮೇಲಣ ಮುನಿಸಿನಿಂದ ಕೆಲಕಾಲ ವೀರಶೈವನಾಗಿದ್ದು, ಬಳಿಕ ಪೂರ್ವಮತಕ್ಕೆ ಮರಳಿದನೆಂದು ಐತಿಹ್ಯವುಂಟು.

1557ರಲ್ಲಿ ತ್ರಿಲೋಕಶತಕವನ್ನು ರಚಿಸಿದನು. ರತ್ನಾಕರಶತಕದಲ್ಲಿ ಪ್ರತಿಪದ್ಯದ ಕೊನೆಗೂ ದೇವರನ್ನೇ ಸಂಬೋಧಿಸಿದುದರಿಂದ, ಕಠಿಣವಾದ ನೀತಿಯೂ ಬಿನ್ನಪದಂತೆ ಕೇಳುವವರ ಹೃದಯವನ್ನು ಸೇರುವುದು.

ಭರತೇಶವೈಭವವನ್ನು ಹಾಡಿಗೊಗ್ಗುವ ಸಾಂಗತ್ಯದಲ್ಲಿ ಹೇಳಿದನು. ಪಂಪನು 941ರ ಆದಿಪುರಾಣದಲ್ಲಿ ಭರತ ಬಾಹುಬಲಿಗಳನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ನಿಲ್ಲಿಸಿದ್ದನು. ಇವನ ಭರತನಾದರೋ ಕಾದದೆ, ಗೆಲವನ್ನು ತಮ್ಮನಿಗೇ ಒಪ್ಪಿಸಿ, ಮೃದುವಚನದಿಂದ ಅವನ ಮನಸ್ಸನ್ನು ಕರಗಿಸುವನು. ಎದುರಾಳಿಯ ಹಿರಿಮೆಯನ್ನು ಮೊದಲೇ ಒಪ್ಪಿಕೊಂಡ ಮಾತಿಗೆ ಪ್ರತಿವಾದವೆಲ್ಲಿಯದು?

ಮುನಿಸಿನಿಂದ ಮತವನ್ನೇ ತೊರೆದನೆಂದು ಜನರು ಹೇಳುವ ಕವಿಯು, ಮುನಿಸನ್ನು ಸವಿನುಡಿಯಿಂದ ಗೆದ್ದ ನಾಯಕನನ್ನು ಲೋಕಕ್ಕಿತ್ತನು.