ಚುಕ್ಕೆಗಳಿಂದ ಅಕ್ಷರ ಕಟ್ಟಿದ ಲೂಯಿ ಬ್ರೈಲ್

ಕಳೆದ ದಸರಾ ರಜೆಯಲ್ಲಿ ನನ್ನ ಸಹಪಾಠಿಯೊಬ್ಬನು ಬಿ.ಸಿ.ರೋಡಿನ ನಮ್ಮ ಮನೆಗೆ ಬಂದಿದ್ದನು. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣದು. ಆದರೂ ಬಸ್ಸಿನಿಂದಿಳಿದು, ಹೆದ್ದಾರಿಯ ಗದ್ದಲದಿಂದಲೇ ದಿಕ್ಕು ತಿಳಿದು, ಯಾರ ಕೈಯನ್ನೂ ಹಿಡಿಯದೆ ನಮ್ಮ ಅಂಗಳಕ್ಕೆ ಬಂದು ನಿಂತನು. ಅವನ ಚೀಲದಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಅದರ ಆಪರೇಟಿಂಗ್ ಸಿಸ್ಟಮ್ ಕೆಟ್ಟುಹೋಗಿದ್ದು, ಹೊಸದನ್ನು ಸ್ಥಾಪಿಸಬೇಕಾಗಿತ್ತು.

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವಿದ್ದರೆ ಅವನು ನನಗಿಂತಲೂ ಚುರುಕು. ಆದರೆ ಆ ತಂತ್ರಾಂಶ ನಡೆಯಲು ಮೊದಲು ಆಪರೇಟಿಂಗ್ ಸಿಸ್ಟಮ್ ಇರಬೇಕು. ಅದನ್ನು ಸ್ಥಾಪಿಸುವ ಹೊತ್ತಿಗೋ ನಮ್ಮ ಯಂತ್ರ ಮೂಕವಾಗಿತ್ತು. ಪ್ರಶ್ನೆಗಳೆಲ್ಲ ಪರದೆಯ ಮೇಲೆ ಮೌನವಾಗಿ ಮೂಡಿದವು. ನಾನು ಓದಿ ಹೇಳುತ್ತ ಗುಂಡಿ ಒತ್ತುತ್ತ ಹೋದೆನು. ಒಂದೆಡೆ ಅವಸರದಿಂದ ತಪ್ಪು ಒತ್ತಿ, ಎರಡು ವರ್ಷ ಅವನು ಕೂಡಿಟ್ಟಿದ್ದ ಪಾಠದ ಟಿಪ್ಪಣಿಗಳನ್ನೆಲ್ಲ ಅಳಿಸಿಬಿಟ್ಟೆನು. ಅವನು ನನ್ನನ್ನು ಬೈಯಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದರಿಂದಲೇ.

ಆ ರಾತ್ರಿ ನನಗೆ ನೆನಪಾದವನು ಲೂಯಿ ಬ್ರೈಲ್.

ಫ್ರಾನ್ಸಿನಲ್ಲಿ, ಪ್ಯಾರಿಸ್ ನಗರಕ್ಕೆ ಸಮೀಪದ ಕೂವ್ರೆ ಎಂಬ ಹಳ್ಳಿಯಲ್ಲಿ 1809ರ ಜನವರಿ 4ರಂದು ಅವನು ಜನಿಸಿದನು. ತಂದೆ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವ ಕಸುಬಿನವನು. ಮೂರು ವರ್ಷದ ಬಾಲಕನು ಆಟವಾಡುತ್ತ ಚರ್ಮಕ್ಕೆ ತೂತು ಕೊರೆಯುವ ಚೂಪಾದ ಹತಾರವನ್ನು ಕೈಗೆತ್ತಿಕೊಂಡಾಗ ಅದು ಕಣ್ಣಿಗೆ ಚುಚ್ಚಿತು. ಒಂದು ಕಣ್ಣಿನ ನಂಜು ಇನ್ನೊಂದಕ್ಕೂ ಹರಡಿ, ಐದು ವರ್ಷ ತುಂಬುವ ಹೊತ್ತಿಗೆ ಲೋಕವೇ ಕತ್ತಲಾಯಿತು.

1819ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸ್ಸಿನ ಅಂಧ ಬಾಲಕರ ಶಾಲೆಯನ್ನು ಸೇರಿದನು. ಅದರ ಸ್ಥಾಪಕ ವಾಲೆಂತೀನ್ ಆಯುಯಿ ಕರುಣಾಳು. ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಪುಸ್ತಕ ಮಾಡಿಸಿದ್ದನು. ಆದರೆ ಅವು ಕಣ್ಣಿಗೆಂದು ಹುಟ್ಟಿದ ಅಕ್ಷರಗಳು. ಬೆರಳಿನಿಂದ ಅವುಗಳ ಆಕಾರ ತಿಳಿಯುವುದು ನಿಧಾನದ ಕೆಲಸ; ಸ್ವಂತ ಕೈಯಿಂದ ಬರೆಯುವುದಂತೂ ಆಗದ ಮಾತು.

1821ರಲ್ಲಿ ಸೈನ್ಯಾಧಿಕಾರಿ ಷಾರ್ಲ್ ಬಾರ್ಬಿಯೇ ಎಂಬವನ ಹನ್ನೆರಡು ಚುಕ್ಕೆಗಳ ಲಿಪಿಯು ಆ ಶಾಲೆಗೆ ಬಂದಿತು. ಒಂದು ಬೆರಳ ತುದಿಗೆ ಹನ್ನೆರಡು ಚುಕ್ಕೆ ಹೆಚ್ಚಾಯಿತೆಂದು ಬಾಲಕ ಬ್ರೈಲ್ ಕಂಡುಕೊಂಡನು. ಅವುಗಳನ್ನು ಆರಕ್ಕೆ ಇಳಿಸಿ, 1824ರಲ್ಲಿ, ಹದಿನೈದರ ಹರೆಯದಲ್ಲಿ, ತನ್ನ ಲಿಪಿಯನ್ನು ರೂಪಿಸಿದನು. ಆರು ಚುಕ್ಕೆಗಳಿಂದ 63 ಗುರುತುಗಳಾಗುತ್ತವೆ. ಕಣ್ಣು ಕಳೆದ ಹತಾರದಂತೆಯೇ ಮೊನೆಯುಳ್ಳ ಕಡ್ಡಿಯಿಂದ ಅವನು ಆ ಚುಕ್ಕೆಗಳನ್ನು ಮೂಡಿಸಿದನು. 1829ರಲ್ಲಿ ಅದರ ವಿವರಣೆ ಪುಸ್ತಕವಾಗಿ ಪ್ರಕಟವಾಯಿತು.

ಮುಂದೆ ಅವನು ಅದೇ ಶಾಲೆಯಲ್ಲಿ ಅಧ್ಯಾಪಕನಾದನು. ಪ್ಯಾರಿಸ್ಸಿನ ಇಗರ್ಜಿಗಳಲ್ಲಿ ಆರ್ಗನ್ ನುಡಿಸಿದನು. ಆದರೆ 1840ರ ದಶಕದ ಆರಂಭದಲ್ಲಿ ಶಾಲೆಯ ಮುಖ್ಯಸ್ಥನೇ ಆ ಲಿಪಿಯನ್ನು ದೂರವಿಟ್ಟನು. ಕಣ್ಣುಳ್ಳವರು ಓದಲಾರದ ಲಿಪಿ ಅಂಧರಿಗೇಕೆ ಎಂಬುದು ಅಂದಿನ ವಾದ. ವಿದ್ಯಾರ್ಥಿಗಳು ಮಾತ್ರ ಗುಟ್ಟಾಗಿ ಚುಕ್ಕೆಗಳಲ್ಲಿಯೇ ಬರೆಯುತ್ತಿದ್ದರು. ಕೊನೆಗೆ 1844ರಲ್ಲಿ, ಹೊಸ ಕಟ್ಟಡದ ಉದ್ಘಾಟನೆಯ ಸಭೆಯಲ್ಲಿ, ಎಲ್ಲರೆದುರು ಆ ಲಿಪಿಯ ಶಕ್ತಿ ತೋರಿಬಂದಿತು. ಕ್ಷಯರೋಗದಿಂದ ಬಹುಕಾಲ ಬಳಲಿದ ಬ್ರೈಲ್ 1852ರ ಜನವರಿ 6ರಂದು ತೀರಿಕೊಂಡನು. ಫ್ರಾನ್ಸ್ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನಮ್ಮ ದೇಶದಲ್ಲಿ 1951ರಲ್ಲಿ ಭಾರತಿ ಬ್ರೈಲ್ ಸಿದ್ಧವಾಗಿ, ಕನ್ನಡದ ಅಕ್ಷರಗಳೂ ಆ ಆರು ಚುಕ್ಕೆಗಳೊಳಗೆ ಬಂದವು.

ಇದರಿಂದ ನಾನು ತಿಳಿದುದಿಷ್ಟು. ಆಯುಯಿಗೆ ಕರುಣೆಯ ಕೊರತೆಯಿರಲಿಲ್ಲ, ನನಗೆ ಸ್ನೇಹದ ಕೊರತೆಯಿರಲಿಲ್ಲ. ಇಬ್ಬರ ಸಹಾಯವೂ ಕಣ್ಣುಳ್ಳವರ ದಾರಿಯಲ್ಲಿಯೇ ನಡೆಯಿತು. ಬ್ರೈಲ್ ಕೊಟ್ಟದ್ದು ಸಹಾಯವನ್ನಲ್ಲ, ಕೀಲಿಕೈಯನ್ನು. ಇಂದಿನ ಕಂಪ್ಯೂಟರ್ ಲೋಕದಲ್ಲಿಯೂ ಅವನ ಹಾದಿ ಹಿಡಿದವರಿದ್ದಾರೆ. ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್ 2006ರಲ್ಲಿ ಪರದೆ ಓದುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಆರಂಭಿಸಿದನು. ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ 2013ರ ಆವೃತ್ತಿಯಿಂದ ಸ್ಥಾಪನೆಯ ಹೊತ್ತಿನಲ್ಲಿಯೇ ಮಾತನಾಡಬಲ್ಲದಾಗಿದೆ.

ರಜೆ ಮುಗಿಯುವ ಮುನ್ನ ನಾವು ಆ ಡೆಬಿಯನ್ನನ್ನೇ ತಂದೆವು. ಯಂತ್ರ ಬೀಪ್ ಎಂದು ಸದ್ದು ಮಾಡಿತು. ಗೆಳೆಯನು ಎಸ್ ಅಕ್ಷರವನ್ನೂ ಎಂಟರ್ ಗುಂಡಿಯನ್ನೂ ಒತ್ತಿದನು. ಯಂತ್ರ ಇಂಗ್ಲಿಷಿನಲ್ಲಿ ಪ್ರಶ್ನೆಗಳನ್ನು ಓದತೊಡಗಿತು. ಡಿಸ್ಕನ್ನು ಅಳಿಸಬಹುದೇ ಎಂಬ ಪ್ರಶ್ನೆ ಬಂದಾಗ ನಾನು ಉಸಿರು ಬಿಗಿಹಿಡಿದೆನು. ಅವನು ಎರಡು ಸಲ ಕೇಳಿಸಿಕೊಂಡು, ತಾನೇ ಉತ್ತರಿಸಿದನು. ನನ್ನ ಕೆಲಸ ಚಹಾ ತಂದುಕೊಡುವುದಷ್ಟೇ ಆಗಿತ್ತು.

ಅಳಿದುಹೋದ ಟಿಪ್ಪಣಿಗಳು ಮರಳಿ ಬರಲಿಲ್ಲ. ಈಗ ಪ್ರತಿದಿನ ಸಂಜೆ ನನ್ನ ಟಿಪ್ಪಣಿಗಳನ್ನು ನಾನು ಓದುತ್ತೇನೆ, ಅವನು ಬೆರಳಚ್ಚು ಮಾಡಿಕೊಳ್ಳುತ್ತಾನೆ. ಎರಡು ಪಾಠಗಳಷ್ಟೇ ಉಳಿದಿವೆ.