ಹೋಮ್ಸ್‌ನ ಅಪ್ಪನೇ ಪತ್ತೇದಾರನಾದಾಗ

ಊರಿನ ಸಾಹಿತ್ಯ ಸಂಘದ ಸಭೆ ಅಂದರೆ ಮೂಗು ಮುರಿಯೋರು ಎಲ್ಲ ಕಾಲದಲ್ಲೂ ಇದ್ದಾರೆ. ಖಾಲಿ ಕುರ್ಚಿ, ಉದ್ದ ಭಾಷಣ, ಕೊನೆಗೆ ಕಾಫಿ, ಇಷ್ಟೇ ಅಂತ ಅವರ ಲೆಕ್ಕ. ಆದರೆ ಇಂಗ್ಲೆಂಡಿನ ಬಂದರು ಪಟ್ಟಣ ಪೋರ್ಟ್ಸ್‌ಮತ್‌ನಲ್ಲಿ ಇಂಥದೇ ಒಂದು ಸಂಘಕ್ಕೆ 1880ರ ದಶಕದಲ್ಲಿ ಕಾರ್ಯದರ್ಶಿಯಾಗಿದ್ದ ಎಳೆಯ ಡಾಕ್ಟರೊಬ್ಬರು ಮುಂದೆ ಪತ್ತೇದಾರಿ ಕಥೆಗಳ ದೊರೆಯೇ ಆಗಿಬಿಟ್ಟರು. ಅವರೇ ಸರ್ ಆರ್ಥರ್ ಕಾನನ್ ಡಾಯ್ಲ್.

ಹುಟ್ಟಿದ್ದು 1859ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆಗೆ ಕುಡಿತದ ಚಟ. ಸಂಸಾರದ ಭಾರವೆಲ್ಲ ತಾಯಿಯ ಮೇಲೆ. ವೈದ್ಯಕೀಯ ಓದುವಾಗ ಜೋಸೆಫ್ ಬೆಲ್ ಎಂಬ ಮೇಷ್ಟ್ರು ಸಿಕ್ಕಿದರು. ರೋಗಿ ಬಾಯಿ ಬಿಡೋ ಮೊದಲೇ ಅವನ ಕೈ, ನಡಿಗೆ, ಬಟ್ಟೆ ನೋಡಿ ಕಸುಬು ಹೇಳಿಬಿಡುತ್ತಿದ್ದರು. ಷರ್ಲಾಕ್ ಹೋಮ್ಸ್‌ಗೆ ಅಚ್ಚು ಸಿಕ್ಕಿದ್ದು ಅಲ್ಲೇ.

1882ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಬೋರ್ಡು ಹಾಕಿದರು. ರೋಗಿಗಳು ಬರಬೇಕಲ್ಲ! ಬಿಡುವಿನಲ್ಲಿ ಬರೆದ ಹೋಮ್ಸ್‌ನ ಮೊದಲ ಕಾದಂಬರಿ 1887ರಲ್ಲಿ ಅಚ್ಚಾಯಿತು. ಹಕ್ಕು ಪೂರ್ತಿ ಮಾರಿದ್ದು ಬರೀ 25 ಪೌಂಡಿಗೆ. 1891ರಿಂದ ಸ್ಟ್ರಾಂಡ್ ಮಾಸಪತ್ರಿಕೆಯಲ್ಲಿ ಕಥೆಗಳು ಬರತೊಡಗಿದ ಮೇಲೆ ಅದೃಷ್ಟ ಖುಲಾಯಿಸಿತು. ಡಾಯ್ಲ್‌ಗೋ ಐತಿಹಾಸಿಕ ಕಾದಂಬರಿ ಮೇಲೆ ಮನಸ್ಸು. 1893ರಲ್ಲಿ ಹೋಮ್ಸ್‌ನನ್ನು ಜಲಪಾತದಲ್ಲಿ ಮುಗಿಸಿ ಕೈ ತೊಳೆದುಕೊಂಡರು. ಓದುಗರು ಬಿಡಲಿಲ್ಲ, 1903ರಲ್ಲಿ ಮತ್ತೆ ಬದುಕಿಸಬೇಕಾಯಿತು.

ಅದೇ 1903ರಲ್ಲಿ ಇಂಗ್ಲೆಂಡಿನ ಗ್ರೇಟ್ ವರ್ಲಿ ಎಂಬ ಹಳ್ಳಿಯಲ್ಲಿ ರಾತ್ರಿ ಹೊತ್ತು ಯಾರೋ ದನ, ಕುದುರೆಗಳ ಹೊಟ್ಟೆ ಸೀಳುತ್ತಿದ್ದರು. ಪೊಲೀಸರು ಹಿಡಿದದ್ದು ಜಾರ್ಜ್ ಎಡಾಲ್ಜಿ ಎಂಬ ಯುವ ವಕೀಲನನ್ನು. ಆತನ ತಂದೆ ನಮ್ಮ ಮುಂಬಯಿಯ ಪಾರ್ಸಿ. ಕ್ರೈಸ್ತರಾಗಿ ಅದೇ ಊರಿನ ಚರ್ಚಿಗೆ ಪಾದ್ರಿಯಾಗಿದ್ದವರು. ಮೈಬಣ್ಣವೇ ಆ ಮನೆಗೆ ವೈರಿಯಾಯಿತು. 7 ವರ್ಷ ಶಿಕ್ಷೆ ಬಿತ್ತು. ಮೂರು ವರ್ಷವಾದ ಮೇಲೆ, 1906ರಲ್ಲಿ, ಹೊರಗೇನೋ ಬಿಟ್ಟರು, ಕಳಂಕ ತೊಳೆಯಲಿಲ್ಲ. ವಕೀಲಿ ಸನ್ನದೂ ಹೋಗಿತ್ತು.

ಎಡಾಲ್ಜಿಯ ಮೊರೆ ಕೇಳಿ ಡಾಯ್ಲ್ ಹೋಟೆಲೊಂದರಲ್ಲಿ ಭೇಟಿಗೆ ಹೋದರು. ಆತ ಪೇಪರನ್ನು ಕಣ್ಣಿಗೆ ಒತ್ತಿಕೊಂಡು, ಓರೆಯಾಗಿ ಹಿಡಿದು ಓದುತ್ತ ಕೂತಿದ್ದ. ಕಣ್ಣಿನ ವೈದ್ಯ ಕಲಿತಿದ್ದ ಡಾಯ್ಲ್‌ಗೆ ಅಷ್ಟೇ ಸಾಕಾಯಿತು. ನಾಲ್ಕು ಮಾರು ದೂರದ್ದೇ ಸರಿಯಾಗಿ ಕಾಣದವನು ಕಗ್ಗತ್ತಲಲ್ಲಿ ಹೊಲ, ರೈಲು ಹಳಿ ದಾಟಿ ಕುದುರೆ ಸೀಳೋದುಂಟೇ? ಹಳ್ಳಿಗೇ ಹೋಗಿ ವಿಚಾರಿಸಿದರು. 1907ರ ಜನವರಿಯಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಎಲ್ಲವನ್ನೂ ಬಿಚ್ಚಿಟ್ಟರು. ದೊಡ್ಡ ಗದ್ದಲವೆದ್ದಿತು. ಮೇ ತಿಂಗಳಲ್ಲಿ ಸರ್ಕಾರ ಕ್ಷಮಾದಾನ ಕೊಟ್ಟಿತು. ಪರಿಹಾರ ಅಂತ ಒಂದು ಬಿಡಿಗಾಸೂ ಕೊಡಲಿಲ್ಲ. ಸನ್ನದು ಮಾತ್ರ ವಾಪಸ್ಸು ಬಂತು. ಅದೇ ವರ್ಷ ಆ ದೇಶದಲ್ಲಿ ಕ್ರಿಮಿನಲ್ ಅಪೀಲು ಕೋರ್ಟು ಹುಟ್ಟಿತು. ಅದಕ್ಕೆ ಈ ಕೇಸೂ ಒಂದು ಕಾರಣ. ಸೆಪ್ಟೆಂಬರಿನಲ್ಲಿ ನಡೆದ ಡಾಯ್ಲ್‌ರ ಎರಡನೇ ಮದುವೆಗೆ ಎಡಾಲ್ಜಿಯೂ ಬಂದಿದ್ದ.

ಕೊಲೆ ಆರೋಪ ಹೊತ್ತು ಸುಮಾರು 18 ವರ್ಷ ಜೈಲಿನಲ್ಲಿದ್ದ ಆಸ್ಕರ್ ಸ್ಲೇಟರ್ ಪರವಾಗಿಯೂ ಡಾಯ್ಲ್ ಹೋರಾಡಿದರು. ಆ ಶಿಕ್ಷೆ 1928ರಲ್ಲಿ ರದ್ದಾಯಿತು.

ಇಷ್ಟು ಬುದ್ಧಿವಂತರು ಮುಪ್ಪಿನಲ್ಲಿ ಪ್ರೇತದ ಜೊತೆ ಮಾತು, ಹುಡುಗಿಯರು ತೆಗೆದ ಯಕ್ಷಿಣಿ ಫೋಟೋ ಎಲ್ಲ ನಂಬಿ ನಗೆಪಾಟಲಾದದ್ದೂ ನಿಜ. 1930ರ ಜುಲೈ 7ರಂದು ತೀರಿಕೊಂಡರು. ಹಿಂದೆ ಬಿಟ್ಟದ್ದು ಹೋಮ್ಸ್‌ನ 4 ಕಾದಂಬರಿ, 56 ಕಥೆ. ಸಾಹಿತ್ಯ ಸಂಘಗಳಲ್ಲಿ ಅವುಗಳ ಚರ್ಚೆ ನಡೆದಾಗ ಎಡಾಲ್ಜಿಯ ಹೆಸರೂ ಒಂದು ಸಲ ಬರಲಿ. ಅದು ಕಥೆಯಲ್ಲ, ನಡೆದದ್ದು.